ತಿಂಗಳು ತುಂಬದ ಮಗುವಿಗೆ ಪ್ರೋಬಯಾಟಿಕ್: ಯಾವ ಮಗುವಿಗೆ ಯಾವುದು, ಯಾರಿಗೆ ಬೇಡ

ಮಗು ಎನ್‌ಐಸಿಯು ಎಂಬ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿರುವಾಗ ತಂದೆತಾಯಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: "ಡಾಕ್ಟ್ರೇ, ಪ್ರೋಬಯಾಟಿಕ್ ಕೊಡಿಸಬೇಕಾ, ಬೇಡ್ವಾ?" ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಹೇಳಲಾಗದು, ಏಕೆಂದರೆ ಪ್ರೋಬಯಾಟಿಕ್ ಎಂದರೆ ಕರುಳಿನ ಒಳಿತಿಗೆಂದು ಕೊಡುವ ಜೀವಂತ ಸೂಕ್ಷ್ಮಜೀವಿಗಳು, ಆ ಹೆಸರಿನಲ್ಲಿ ಸಿಗುವ ಪುಡಿ, ಹನಿ, ಆಂಪೂಲುಗಳೆಲ್ಲ ಒಂದೇ ವಸ್ತುವಲ್ಲ. ಕೆಲವು ತಳಿಗಳು (ಒಂದೇ ಪ್ರಭೇದದೊಳಗಿನ ನಿರ್ದಿಷ್ಟ ಬಗೆಗಳು) ಸಾವಿರಾರು ಮಕ್ಕಳ ಮೇಲೆ ಪರೀಕ್ಷೆಗೊಳಗಾಗಿ ಪ್ರಯೋಜನ ತೋರಿಸಿವೆ, ಕೆಲವು ಅಷ್ಟೇ ದೊಡ್ಡ ಪರೀಕ್ಷೆಯಲ್ಲಿ ಏನೂ ಮಾಡಿಲ್ಲ, ಇನ್ನು ಕೆಲವನ್ನು ಈ ವಯಸ್ಸಿನ ಮಕ್ಕಳಲ್ಲಿ ಸರಿಯಾಗಿ ಪರೀಕ್ಷಿಸಿಯೇ ಇಲ್ಲ. ಆದ್ದರಿಂದ ಮಗು ಎಷ್ಟು ವಾರಕ್ಕೆ ಹುಟ್ಟಿತು, ತೂಕ ಎಷ್ಟು, ಕುಡಿಯುತ್ತಿರುವುದು ಯಾವ ಹಾಲು, ಕೊಡಲು ಹೊರಟಿರುವುದು ಯಾವ ತಳಿ ಎಂಬ ನಾಲ್ಕು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಆಯ್ಕೆ ಸಾಧ್ಯವಾಗುತ್ತದೆ.

ಈ ಹೋಲಿಕೆಯನ್ನು ಬರೆದಿರುವುದು ಮುಖ್ಯವಾಗಿ 32 ವಾರಗಳಿಗೆ ಮುಂಚೆ ಅಥವಾ 1500 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು. ತೀರ್ಮಾನ ಮಗುವನ್ನು ನೋಡುತ್ತಿರುವ ವೈದ್ಯರದ್ದೇ ಆಗಬೇಕು. ಆದರೆ ಆ ತೀರ್ಮಾನದಲ್ಲಿ ಪಾಲುದಾರರಾಗಲು ತಂದೆತಾಯಿಗೆ ಕೆಲವು ವಿಷಯಗಳು ತಿಳಿದಿರಬೇಕಾಗುತ್ತದೆ.

ಕರುಳಿನಲ್ಲಿ ಯಾರು ಮೊದಲು ಬಂದು ನೆಲೆಸುತ್ತಾರೆ

ತಿಂಗಳು ತುಂಬಿ ಹುಟ್ಟಿ ಎದೆಹಾಲು ಕುಡಿಯುವ ಮಗುವಿನ ಕರುಳಿನಲ್ಲಿ ಸಾಮಾನ್ಯವಾಗಿ ಕೆಲವೇ ವಾರಗಳೊಳಗೆ ಬೈಫಿಡೋಬ್ಯಾಕ್ಟೀರಿಯಂ ಕುಲದ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ಇದಕ್ಕೆ ಕಾರಣ ಎದೆಹಾಲಿನಲ್ಲೇ ಇದೆ. ಲ್ಯಾಕ್ಟೋಸ್ ಮತ್ತು ಕೊಬ್ಬನ್ನು ಬಿಟ್ಟರೆ ಅದರಲ್ಲಿ ಅತಿ ಹೆಚ್ಚಾಗಿರುವ ಘನಾಂಶವೆಂದರೆ ಆಲಿಗೋಸ್ಯಾಕರೈಡ್ ಎಂಬ ಸಕ್ಕರೆ ಸರಪಳಿಗಳು. ಅವುಗಳನ್ನು ಒಡೆಯುವ ಕಿಣ್ವ ಮಗುವಿನಲ್ಲಿಲ್ಲ, ಬೈಫಿಡೋಬ್ಯಾಕ್ಟೀರಿಯಾಗಳಲ್ಲಿದೆ; ಅದರಲ್ಲೂ ಇನ್‌ಫ್ಯಾಂಟಿಸ್ ಎಂಬ ಉಪಪ್ರಭೇದಕ್ಕೆ ಆ ಸಕ್ಕರೆಗಳೇ ಆಹಾರ. ಅವನ್ನು ಹುದುಗಿಸಿ ಅದು ಬಿಡುಗಡೆ ಮಾಡುವ ಅಸಿಟೇಟ್ ಮತ್ತು ಲ್ಯಾಕ್ಟೇಟ್‌ಗಳಿಂದ ಕರುಳಿನ ಆಮ್ಲೀಯತೆ ಹೆಚ್ಚುತ್ತದೆ, ರೋಗಕಾರಕಗಳಿಗೆ ಅಲ್ಲಿ ಬೆಳೆಯುವುದು ಕಷ್ಟವಾಗುತ್ತದೆ.

28 ವಾರಕ್ಕೆ ಹುಟ್ಟಿದ ಮಗುವಿಗೆ ಈ ಕ್ರಮದ ಪ್ರತಿಯೊಂದು ಹಂತವೂ ತಪ್ಪಿಹೋಗಿರುತ್ತದೆ. ಹೆರಿಗೆ ಬಹುಪಾಲು ಸಿಸೇರಿಯನ್. ಹುಟ್ಟಿದ ದಿನವೇ ಆ್ಯಂಟಿಬಯಾಟಿಕ್. ಹೊಟ್ಟೆಗೆ ಹೋಗುವ ಹಾಲು ಮೊದಮೊದಲು ಎರಡು ಗಂಟೆಗೊಮ್ಮೆ ಒಂದೆರಡು ಮಿಲಿಲೀಟರ್ ಮಾತ್ರ. ಮೈಗೆ ತಾಯಿಯ ಚರ್ಮ ತಾಗುವ ಬದಲು ಇನ್‌ಕ್ಯುಬೇಟರಿನ ಗೋಡೆ, ನಳಿಕೆ ಮತ್ತು ಹಲವರ ಕೈಗಳು ತಾಗುತ್ತವೆ. ಹೀಗಾಗಿ ಇಂತಹ ಮಗುವಿನ ಕರುಳಿನಲ್ಲಿ ಮೊದಲು ನೆಲೆಸುವುದು ಸ್ಟ್ಯಾಫಿಲೋಕಾಕಸ್, ಎಂಟೆರೋಕಾಕಸ್, ಆಮೇಲೆ ಕ್ಲೆಬ್ಸಿಯೆಲ್ಲಾ ಮತ್ತು ಇ. ಕೋಲೈ. ಬೈಫಿಡೋಬ್ಯಾಕ್ಟೀರಿಯಾ ಬರುವುದು ವಾರಗಟ್ಟಲೆ ತಡವಾಗುತ್ತದೆ.

ಈ ಅಸಮತೋಲನದ ಭಯಾನಕ ಪರಿಣಾಮವೇ ವೈದ್ಯರು ಎನ್‌ಇಸಿ ಎಂದು ಕರೆಯುವ ಕರುಳಿನ ಕಾಯಿಲೆ. ಅದುವರೆಗೆ ಹಾಲು ಕುಡಿದು ಚೇತರಿಸಿಕೊಳ್ಳುತ್ತಿದ್ದ ಮಗುವಿನ ಹೊಟ್ಟೆ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಇದ್ದಕ್ಕಿದ್ದಂತೆ ಉಬ್ಬುತ್ತದೆ, ನಳಿಕೆಯಲ್ಲಿ ಹಸಿರು ಪಿತ್ತ ಕಾಣಿಸಿಕೊಳ್ಳುತ್ತದೆ, ಮಲದಲ್ಲಿ ರಕ್ತ ಬರುತ್ತದೆ, ಕರುಳಿನ ಗೋಡೆ ಸಾಯತೊಡಗುತ್ತದೆ. ಬಲಿಯದ ಕರುಳಿನ ಒಳಪದರದಲ್ಲಿ ಟಿಎಲ್‌ಆರ್4 ಎಂಬ ಗ್ರಾಹಕ ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ಕ್ಲೆಬ್ಸಿಯೆಲ್ಲಾದಂತಹ, ಗ್ರಾಂ-ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳ ಹೊರಪೊರೆ ಅದಕ್ಕೆ ತಾಗಿದಾಗ ಅತಿಯಾದ ಉರಿಯೂತ ಉಂಟಾಗುತ್ತದೆ. 1500 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಸಾಮಾನ್ಯವಾಗಿ ಶೇ 5ರಿಂದ 10ರಷ್ಟು ಮಂದಿಗೆ ಎನ್‌ಇಸಿ ಬರುತ್ತದೆ, ಬಂದವರಲ್ಲಿ ನಾಲ್ಕರಲ್ಲೊಂದು ಮಗು ಉಳಿಯುವುದಿಲ್ಲ ಎಂಬುದು ಸ್ಥೂಲವಾದ ಲೆಕ್ಕ. ಪ್ರೋಬಯಾಟಿಕ್‌ನ ಚರ್ಚೆಯೆಲ್ಲ ಈ ಒಂದು ಕಾಯಿಲೆಯ ಸುತ್ತ ನಡೆಯುತ್ತಿರುವುದು. ಜೀರ್ಣಶಕ್ತಿ ಹೆಚ್ಚಿಸುವ ಟಾನಿಕ್ ಎಂಬ ಅರ್ಥದಲ್ಲಿ ಅದನ್ನು ನೋಡಿದರೆ ಹೋಲಿಕೆಯೇ ದಾರಿತಪ್ಪುತ್ತದೆ.

ಪುಡಿ ಮುಟ್ಟುವ ಮೊದಲಿನ ಆಯ್ಕೆಗಳು

ಪ್ರೋಬಯಾಟಿಕ್ ಬಗ್ಗೆ ಕೇಳುವ ಮೊದಲು ಹಾಲಿನ ಬಗ್ಗೆ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತಾಯಿಯ ಹಾಲು, ದಾನದ ಎದೆಹಾಲು, ಫಾರ್ಮುಲಾ (ಡಬ್ಬಿಯ ಪುಡಿ ಹಾಲು) ಎಂಬ ಮೂರು ಆಯ್ಕೆಗಳ ನಡುವಿನ ಅಂತರ ಎರಡು ಪ್ರೋಬಯಾಟಿಕ್ ಬ್ರ್ಯಾಂಡುಗಳ ನಡುವಿನ ಅಂತರಕ್ಕಿಂತ ಎಷ್ಟೋ ದೊಡ್ಡದು. ದಾನದ ಹಾಲಿಗೆ ಹೋಲಿಸಿದಾಗ ಫಾರ್ಮುಲಾ ಕುಡಿದ ಅವಧಿಪೂರ್ವ ಮಕ್ಕಳಲ್ಲಿ ಎನ್‌ಇಸಿ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ವಿಶ್ಲೇಷಣೆ ತೋರಿಸಿದೆ. ಫಾರ್ಮುಲಾ ಕೊಡುತ್ತ ಅದರ ದೋಷವನ್ನು ಪ್ರೋಬಯಾಟಿಕ್‌ನಿಂದ ಸರಿಪಡಿಸಿಕೊಳ್ಳುತ್ತೇವೆ ಎಂದುಕೊಳ್ಳುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಶಿಫಾರಸು ಕೂಡ ಪ್ರೋಬಯಾಟಿಕ್ ಅನ್ನು ಪರಿಗಣಿಸಬಹುದು ಎಂದು ಹೇಳುವುದು 32 ವಾರಗಳಿಗೆ ಮುಂಚೆ ಹುಟ್ಟಿ ಎದೆಹಾಲು ಪಡೆಯುತ್ತಿರುವ ಮಕ್ಕಳಿಗಷ್ಟೇ.

ತಾಯಿಯ ಹಾಲು ಇವುಗಳಲ್ಲಿ ಎಲ್ಲಕ್ಕಿಂತ ಮೇಲು, ಏಕೆಂದರೆ ಅದರಲ್ಲಿ ಸಕ್ಕರೆ ಸರಪಳಿಗಳ ಜೊತೆಗೆ ಜೀವಂತ ಬ್ಯಾಕ್ಟೀರಿಯಾಗಳು, ಐಜಿಎ ಪ್ರತಿಕಾಯಗಳು ಮತ್ತು ಲ್ಯಾಕ್ಟೋಫೆರಿನ್ ಎಂಬ ರಕ್ಷಣಾ ಪ್ರೋಟೀನ್ ಇರುತ್ತವೆ. ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಹಿಂಡಲು ಶುರುಮಾಡಿ, ದಿನಕ್ಕೆ ಎಂಟು ಬಾರಿಯಾದರೂ ಹಿಂಡಿದರೆ ಹಾಲು ಹೆಚ್ಚುತ್ತದೆ. ಮೊದಲ ದಿನ ಬರುವುದು ಸಿರಿಂಜಿನ ತುದಿಯನ್ನು ಹಳದಿಯಾಗಿಸುವಷ್ಟು ಮಾತ್ರ ಇರಬಹುದು. ಅದನ್ನೂ ಚೆಲ್ಲದೆ ಮಗುವಿನ ಕೆನ್ನೆಯ ಒಳಭಾಗಕ್ಕೆ ಹಚ್ಚುವ ರೂಢಿ ಈಗ ಅನೇಕ ಎನ್‌ಐಸಿಯುಗಳಲ್ಲಿದೆ. ಮಗು ನಳಿಕೆಯಿಂದ ಒಳಲೆಗೆ, ಒಳಲೆಯಿಂದ ಮೊಲೆಗೆ ಬರುವವರೆಗೂ ಈ ಹಿಂಡುವ ಕೆಲಸ ನಿಲ್ಲಬಾರದು. ಬಾಣಂತಿಯನ್ನು ಮನೆಯಲ್ಲಿ ಬಿಟ್ಟು ಮಗುವನ್ನು ಮಾತ್ರ ದೂರದ ಜಿಲ್ಲಾಸ್ಪತ್ರೆಗೆ ತರುವ ನಮ್ಮ ಕಡೆಯ ಪದ್ಧತಿಯಿಂದಲೇ ಬಹಳಷ್ಟು ಹಾಲು ಬತ್ತುತ್ತದೆ.

ತಾಯಿಯ ಹಾಲು ಸಾಲದಿದ್ದಾಗ ದಾನದ ಹಾಲು ಎರಡನೆಯ ಆಯ್ಕೆ. ಹಾಲಿನ ಬ್ಯಾಂಕಿನಲ್ಲಿ ಅದನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸುತ್ತಾರೆ. ಇದರಿಂದ ರೋಗಾಣುಗಳ ಜೊತೆಗೆ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಪ್ರತಿಕಾಯಗಳ ಒಂದು ಭಾಗ ನಾಶವಾಗುತ್ತದೆ, ಆದರೆ ಸಕ್ಕರೆ ಸರಪಳಿಗಳು ಹಾಗೆಯೇ ಉಳಿಯುತ್ತವೆ. ಅಂದರೆ ದಾನದ ಹಾಲಿನಲ್ಲಿ ಬೈಫಿಡೋಬ್ಯಾಕ್ಟೀರಿಯಾದ ಆಹಾರವಿದೆ, ಬ್ಯಾಕ್ಟೀರಿಯಾ ಮಾತ್ರ ಇಲ್ಲ. ಪ್ರೋಬಯಾಟಿಕ್ ಸೇರಿಸುವುದಕ್ಕೆ ತರ್ಕಬದ್ಧವಾದ ಕಾರಣ ಇಲ್ಲಿ ಸಿಗುತ್ತದೆ. ಭಾರತದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರಿಂದ ಆರಂಭವಾಯಿತು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಈಗ ಸರ್ಕಾರಿ ಹಾಲಿನ ಬ್ಯಾಂಕ್ ಇದೆ. ಖಾಸಗಿಯಾಗಿ, ಪರಿಚಯದ ಇನ್ನೊಬ್ಬ ಬಾಣಂತಿಯಿಂದ ಕಾಯಿಸದ ಹಾಲು ತರಿಸಿಕೊಳ್ಳುವುದು ಇದಕ್ಕೆ ಸಮಾನವಲ್ಲ.

ಆ್ಯಂಟಿಬಯಾಟಿಕ್‌ಗಳ ವಿಷಯವನ್ನೂ ಇದೇ ಜಾಗದಲ್ಲಿ ಹೇಳಬೇಕು. ಸೋಂಕಿನ ಅನುಮಾನದ ಮೇಲೆ ಮೊದಲ ದಿನ ಶುರುಮಾಡಿದ ಔಷಧವನ್ನು ರಕ್ತದ ಕಲ್ಚರ್‌ನಲ್ಲಿ (ರಕ್ತದಲ್ಲಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದಿದ್ದರೂ ಐದು ದಿನ ಮೀರಿ ಮುಂದುವರಿಸಿದ ಮಕ್ಕಳಲ್ಲಿ ಎನ್‌ಇಸಿ ಮತ್ತು ಸಾವು ಹೆಚ್ಚಿದ್ದುದನ್ನು ಅಮೆರಿಕದ ಎನ್‌ಐಸಿಯುಗಳ ಜಾಲವೊಂದು 2009ರಲ್ಲಿಯೇ ವರದಿ ಮಾಡಿತ್ತು. ರಾನಿಟಿಡಿನ್‌ನಂತಹ ಆಮ್ಲನಿರೋಧಕಗಳನ್ನು ಪಡೆದ ಮಕ್ಕಳಲ್ಲೂ ಸೋಂಕು ಮತ್ತು ಎನ್‌ಇಸಿ ಹೆಚ್ಚಾಗಿದ್ದವು. ಒಂದು ಕೈಯಿಂದ ಅನಗತ್ಯ ಆ್ಯಂಟಿಬಯಾಟಿಕ್ ಕೊಡುತ್ತ ಇನ್ನೊಂದು ಕೈಯಿಂದ ಪ್ರೋಬಯಾಟಿಕ್ ಕೊಡುವ ವಾರ್ಡಿನಲ್ಲಿ ಮೊದಲು ತಿದ್ದಬೇಕಾದದ್ದು ಯಾವುದು ಎಂಬುದು ಸ್ಪಷ್ಟವೇ ಇದೆ.

ಕಾಂಗರೂ ಆರೈಕೆಯದು ಇದಕ್ಕಿಂತಲೂ ಬಲವಾದ ಪುರಾವೆ. ಭಾರತ, ಘಾನಾ, ಮಲಾವಿ, ನೈಜೀರಿಯಾ ಮತ್ತು ಟಾಂಜಾನಿಯಾಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ, 1 ಕಿಲೋದಿಂದ 1.8 ಕಿಲೋ ಒಳಗಿನ 3211 ಮಕ್ಕಳ ಪೈಕಿ ಹುಟ್ಟಿದ ಕೂಡಲೇ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಇಟ್ಟ ಗುಂಪಿನಲ್ಲಿ 28 ದಿನಗಳೊಳಗಿನ ಸಾವು ಶೇ 12.0, ಸ್ಥಿತಿ ಸ್ಥಿರವಾದ ಮೇಲೆ ಕಾಂಗರೂ ಆರೈಕೆ ಆರಂಭಿಸಿದ ಗುಂಪಿನಲ್ಲಿ ಶೇ 15.7 ಇತ್ತು. ಸೋಂಕಿನ ಅನುಮಾನದ ಪ್ರಕರಣಗಳೂ ಕಡಿಮೆಯಾದವು. ಆಸ್ಪತ್ರೆಯ ಬ್ಯಾಕ್ಟೀರಿಯಾಗಳಿಗೆ ಬದಲಾಗಿ ತಾಯಿಯ ಮೈಮೇಲಿನವು ಮಗುವಿಗೆ ದಾಟುವುದು ಇದಕ್ಕೆ ಒಂದು ಕಾರಣವಿರಬಹುದು. ಇದಕ್ಕೆ ಖರ್ಚಿಲ್ಲ, ಫ್ರಿಜ್ ಬೇಡ, ಅವಧಿ ಮೀರುವ ದಿನಾಂಕವೂ ಇಲ್ಲ.

ತಳಿಗಳನ್ನು ಪಕ್ಕಪಕ್ಕ ಇಟ್ಟಾಗ

ಇಷ್ಟೆಲ್ಲ ಇದ್ದೂ ಪ್ರೋಬಯಾಟಿಕ್ ಸೇರಿಸುವುದರಿಂದ ಲಾಭವಿದೆಯೇ ಎಂಬ ಪ್ರಶ್ನೆಗೆ ಒಟ್ಟಾರೆ ಉತ್ತರ "ಇದ್ದೀತು". 2023ರ ಕಾಕ್ರೇನ್ ವಿಶ್ಲೇಷಣೆ 60 ಅಧ್ಯಯನಗಳ 11,156 ಮಕ್ಕಳನ್ನು ಒಳಗೊಂಡಿತ್ತು. ಎನ್‌ಇಸಿ ಅಪಾಯ ಸುಮಾರು ಅರ್ಧಕ್ಕೆ ಇಳಿಯಬಹುದು, ಅಂದರೆ 33 ಮಕ್ಕಳಿಗೆ ಕೊಟ್ಟರೆ ಒಂದು ಮಗುವಿಗೆ ಎನ್‌ಇಸಿ ತಪ್ಪೀತು ಎಂಬುದು ಅದರ ಅಂದಾಜು. ಆದರೆ ಸಣ್ಣ ಅಧ್ಯಯನಗಳೇ ಹೆಚ್ಚಾಗಿರುವುದರಿಂದ ಈ ಅಂದಾಜಿನ ಖಚಿತತೆ ಕಡಿಮೆ ಎಂದೂ ಅದೇ ವಿಶ್ಲೇಷಣೆ ಹೇಳಿದೆ. ಅದೇ ವರ್ಷ ಜಾಮಾ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, 106 ಅಧ್ಯಯನಗಳ 25,840 ಮಕ್ಕಳನ್ನು ಒಳಗೊಂಡ ಇನ್ನೊಂದು ವಿಶ್ಲೇಷಣೆಯಲ್ಲಿ ಒಂದೇ ತಳಿಯ ಉತ್ಪನ್ನಗಳಿಗಿಂತ ಹಲವು ತಳಿಗಳ ಮಿಶ್ರಣಗಳು ಮೇಲೆಂದು ಕಂಡುಬಂತು. ಸರಾಸರಿ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ತಳಿವಾರು ನೋಡಿದಾಗ ಚಿತ್ರ ಬೇರೆಯಾಗುತ್ತದೆ.

ಮೂರು ತಳಿಗಳ ಮಿಶ್ರಣವನ್ನು ಮೊದಲು ನೋಡೋಣ. ಬೈಫಿಡೋಬ್ಯಾಕ್ಟೀರಿಯಂ ಇನ್‌ಫ್ಯಾಂಟಿಸ್ ಬಿಬಿ-02, ಬೈಫಿಡೋಬ್ಯಾಕ್ಟೀರಿಯಂ ಲ್ಯಾಕ್ಟಿಸ್ ಬಿಬಿ-12 ಮತ್ತು ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಟಿಎಚ್-4 ಇದರಲ್ಲಿವೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರೋಪ್ರೆಮ್ಸ್ ಅಧ್ಯಯನದಲ್ಲಿ 32 ವಾರಗಳೊಳಗಿನ, 1500 ಗ್ರಾಂಗಿಂತ ಕಡಿಮೆ ತೂಕದ 1099 ಮಕ್ಕಳಿದ್ದರು. ತೀವ್ರ ಎನ್‌ಇಸಿ ಶೇ 4.4ರಿಂದ 2.0ಕ್ಕೆ ಇಳಿಯಿತು. ರಕ್ತದ ಸೋಂಕಿನಲ್ಲಿ ಮಾತ್ರ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಯುರೋಪಿನ ಮಕ್ಕಳ ಜಠರಕರುಳು ತಜ್ಞರ ಸಂಘ, ಅಂದರೆ ಎಸ್ಪ್‌ಗನ್, 2020ರಲ್ಲಿ ಷರತ್ತಿನೊಂದಿಗೆ ಸೂಚಿಸಿದ ಎರಡು ಆಯ್ಕೆಗಳಲ್ಲಿ ಇದೂ ಒಂದು. ಪ್ರತಿ ತಳಿಯೂ ದಿನಕ್ಕೆ 30ರಿಂದ 35 ಕೋಟಿ ಜೀವಂತ ಘಟಕಗಳಷ್ಟಿರಬೇಕು ಎಂದು ಅದು ಹೇಳಿದೆ. ಉತ್ಪನ್ನದ ಗುಣಮಟ್ಟ ಖಾತರಿಯಿದ್ದರೆ ನನ್ನ ಮಟ್ಟಿಗೆ ಮೊದಲ ಸ್ಥಾನ ಇದಕ್ಕೇ.

ಎಸ್ಪ್‌ಗನ್ ಸೂಚಿಸಿದ ಎರಡನೆಯದು ಲ್ಯಾಕ್ಟೋಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿ, ಅಂದರೆ ಎಟಿಸಿಸಿ 53103 ತಳಿ. ಪ್ರಮಾಣ ದಿನಕ್ಕೆ 100 ಕೋಟಿಯಿಂದ 600 ಕೋಟಿ. ಒಂದೇ ತಳಿಯಾದ್ದರಿಂದ ಗುಣಮಟ್ಟ ಪರೀಕ್ಷೆ ಸುಲಭ, ರಕ್ತದಲ್ಲಿ ಸೇರಿಕೊಂಡರೆ ಪ್ರಯೋಗಾಲಯದಲ್ಲಿ ಗುರುತಿಸುವುದೂ ಸುಲಭ ಎಂಬುದು ಇದರ ಅನುಕೂಲ. ಆದರೆ ಇಟಲಿಯಲ್ಲಿ 585 ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎನ್‌ಇಸಿ ಕಡಿಮೆಯಾದದ್ದು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವಾಗಿರಲಿಲ್ಲ. ಇದನ್ನು ದಿನನಿತ್ಯದ ಪದ್ಧತಿಯಾಗಿ ಜಾರಿಗೊಳಿಸಿದ ಅಮೆರಿಕದ ಕೇಂದ್ರವೊಂದರ 2018ರ ವರದಿಯಲ್ಲೂ ಎನ್‌ಇಸಿ ಇಳಿದಿರಲಿಲ್ಲ. ಇದರಿಂದ ಲಾಭವೇ ಇಲ್ಲವೆಂದು ತೀರ್ಮಾನಿಸಲಾಗದು, ಆದರೆ ಮೂರು ತಳಿಗಳ ಮಿಶ್ರಣಕ್ಕಿಂತ ಇದರ ಪುರಾವೆ ತೆಳುವಾಗಿದೆ.

ಲ್ಯಾಕ್ಟೋಬ್ಯಾಸಿಲಸ್ ರ‍್ಯೂಟೆರಿ ಡಿಎಸ್ಎಂ 17938 ಹನಿ ರೂಪದಲ್ಲಿ ಸಿಗುವುದರಿಂದ ಬಳಸಲು ಸುಲಭ, ಹೊಟ್ಟೆನೋವಿನಿಂದ ಅಳುವ ಶಿಶುಗಳಿಗೆ ವೈದ್ಯರು ಬರೆಯುವುದೂ ಉಂಟು. ಕೊಲಂಬಿಯಾದಲ್ಲಿ 2 ಕಿಲೋ ಒಳಗಿನ 750 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಚಿಕ್ಕ ಮಕ್ಕಳು ಹಾಲನ್ನು ತಡೆದುಕೊಳ್ಳುವುದು ಉತ್ತಮವಾಯಿತೇ ಹೊರತು ಸಾವು ಮತ್ತು ಆಸ್ಪತ್ರೆ ಸೋಂಕುಗಳಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಪುರಾವೆ ಸಾಲದೆಂದು ಎಸ್ಪ್‌ಗನ್ ಇದರ ಪರವಾಗಿಯೂ ವಿರುದ್ಧವಾಗಿಯೂ ಏನನ್ನೂ ಶಿಫಾರಸು ಮಾಡಿಲ್ಲ.

ಬೈಫಿಡೋಬ್ಯಾಕ್ಟೀರಿಯಂ ಬ್ರೀವ್ ಬಿಬಿಜಿ-001ರ ಕಥೆಯನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ತಳಿ ಏಕೆ ಮುಖ್ಯ ಎಂಬುದು ಇದರಿಂದ ಚೆನ್ನಾಗಿ ತಿಳಿಯುತ್ತದೆ. ಇಂಗ್ಲೆಂಡಿನ 24 ಆಸ್ಪತ್ರೆಗಳಲ್ಲಿ 23ರಿಂದ 30 ವಾರಗಳ ನಡುವೆ ಹುಟ್ಟಿದ 1315 ಮಕ್ಕಳ ಮೇಲೆ ನಡೆದ ಪಿಪ್ಸ್ ಅಧ್ಯಯನ 2016ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಪ್ರೋಬಯಾಟಿಕ್ ಪಡೆದವರಲ್ಲಿ ಎನ್‌ಇಸಿ ಶೇ 9, ಪಡೆಯದವರಲ್ಲಿ ಶೇ 10. ಸೋಂಕಿನಲ್ಲೂ ಸಾವಿನಲ್ಲೂ ವ್ಯತ್ಯಾಸವಿಲ್ಲ. ಅಚ್ಚುಕಟ್ಟಾಗಿ ನಡೆದ ದೊಡ್ಡ ಪರೀಕ್ಷೆಯಾದ್ದರಿಂದ ಈ ತಳಿಯನ್ನು ಬಳಸಬೇಕಿಲ್ಲ ಎಂಬುದು ಇತ್ಯರ್ಥವಾದಂತೆಯೇ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಪ್ರೋಬಯಾಟಿಕ್ ಕೊಡದ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿಯ ಮಲದಲ್ಲೂ ಎರಡು ವಾರಗಳಾಗುವಷ್ಟರಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಒಂದು ಮಗುವಿಗೆ ಕೊಟ್ಟದ್ದು ವಾರ್ಡಿನ ಇತರ ಮಕ್ಕಳಿಗೂ ದಾಟಿತ್ತು. ಹಾಗಾಗಿ ಒಂದು ಎನ್‌ಐಸಿಯುವಿನಲ್ಲಿ ಪ್ರೋಬಯಾಟಿಕ್ ಬಳಸುವ ತೀರ್ಮಾನ ಪಕ್ಕದ ಇನ್‌ಕ್ಯುಬೇಟರಿನ ಮಗುವಿಗೂ ಸಂಬಂಧಿಸಿದ್ದು. ತಮ್ಮ ಮಗುವಿಗೆ ಮಾತ್ರ ಹೊರಗಿನಿಂದ ತಂದುಕೊಡುತ್ತೇವೆ ಎಂದು ಕೇಳುವ ತಂದೆತಾಯಿಗೆ ಇದು ಗೊತ್ತಿರುವುದಿಲ್ಲ.

ನಮ್ಮ ಮೆಡಿಕಲ್ ಶಾಪುಗಳಲ್ಲಿ ಸುಲಭವಾಗಿ ಸಿಗುವವು ಬೇರೆಯೇ ಎರಡು: ಬ್ಯಾಸಿಲಸ್ ಕ್ಲಾಸೈ ಬೀಜಕಗಳ ಆಂಪೂಲು ಮತ್ತು ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟಿನ ಸ್ಯಾಶೆ. ಇವನ್ನು ಮುಖ್ಯವಾಗಿ ಭೇದಿಗೆ ಕೊಡುತ್ತಾರೆ. ಬ್ಯಾಸಿಲಸ್ ಕ್ಲಾಸೈಯನ್ನು ಭಾರತದಲ್ಲೇ ಅವಧಿಪೂರ್ವ ಮಕ್ಕಳ ಮೇಲೆ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೂರ್ತಿ ಹಾಲಿಗೆ ಬೇಗ ಬಂದರೇ ವಿನಾ ರಕ್ತದ ಸೋಂಕು ಖಚಿತವಾಗಿ ಕಡಿಮೆಯಾಗಲಿಲ್ಲ. ಬೌಲಾರ್ಡಿಯನ್ನಂತೂ ಎಸ್ಪ್‌ಗನ್ ಬೇಡವೆಂದಿದೆ. ಕೇಂದ್ರ ರಕ್ತನಾಳದಲ್ಲಿ ನಳಿಕೆ ಇರುವ ರೋಗಿಗಳಿಗೆ ಇದನ್ನು ಕೊಡಬಾರದೆಂದು ಯುರೋಪಿನ ಔಷಧ ನಿಯಂತ್ರಕರೂ ಎಚ್ಚರಿಸಿದ್ದಾರೆ. ಎನ್‌ಐಸಿಯುವಿನ ಚಿಕ್ಕ ಮಕ್ಕಳಲ್ಲಿ ಬಹುತೇಕರಿಗೆ ಅಂತಹ ನಳಿಕೆ ಇದ್ದೇ ಇರುತ್ತದೆ. ಹತ್ತಿರದ ಅಂಗಡಿಯಲ್ಲಿ ಇದೊಂದೇ ಸಿಕ್ಕಿತು ಎಂಬುದು ಈ ಮಕ್ಕಳಿಗೆ ಕೊಡಲು ಕಾರಣವಾಗಬಾರದು.

ಒಡಿಶಾದ ಅಧ್ಯಯನವನ್ನು ಪತ್ರಿಕೆಗಳು ಬಹಳ ಉಲ್ಲೇಖಿಸಿದ್ದರಿಂದ ಅದನ್ನು ಇಲ್ಲಿ ಬಿಡುವಂತಿಲ್ಲ. ಅಲ್ಲಿನ ಹಳ್ಳಿಗಳ 4556 ನವಜಾತ ಶಿಶುಗಳಲ್ಲಿ ಒಂದು ಗುಂಪಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಟಿಸಿಸಿ 202195 ತಳಿಯನ್ನು ಫ್ರುಕ್ಟೋಆಲಿಗೋಸ್ಯಾಕರೈಡ್ ಎಂಬ ಸಕ್ಕರೆಯೊಂದಿಗೆ ಏಳು ದಿನ ಕೊಟ್ಟಾಗ, ಸೋಂಕು ಅಥವಾ ಸಾವು ಶೇ 9.0ಯಿಂದ 5.4ಕ್ಕೆ ಇಳಿದದ್ದು 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಖರ್ಚು ಕಡಿಮೆ, ಫಲ ದೊಡ್ಡದು. ಆದರೆ ಆ ಮಕ್ಕಳೆಲ್ಲ ಕನಿಷ್ಠ 2 ಕಿಲೋ ತೂಕದ, 35 ವಾರ ತುಂಬಿದ, ಎದೆಹಾಲು ಕುಡಿಯುತ್ತಿದ್ದ ಮಕ್ಕಳು. 900 ಗ್ರಾಂ ಮಗುವಿಗೆ ಈ ಫಲಿತಾಂಶವನ್ನು ಅನ್ವಯಿಸುವುದು ತಪ್ಪು.

ಅಪಾಯದ ಲೆಕ್ಕ

ಪ್ರೋಬಯಾಟಿಕ್ ಎಂದರೆ ಜೀವಂತ ಸೂಕ್ಷ್ಮಜೀವಿ. ಬಲಿಯದ ಕರುಳಿನ ಗೋಡೆಯನ್ನು ದಾಟಿ ಅದು ರಕ್ತಕ್ಕೆ ಸೇರಬಲ್ಲದು. ಇದು ಅಪರೂಪ, ಆದರೆ ಸಂಭವಿಸಿದೆ. ಒಂದು ಕಿಲೋಗಿಂತ ಕಡಿಮೆ ತೂಕದ ಮಗುವೊಂದು ಬೈಫಿಡೋಬ್ಯಾಕ್ಟೀರಿಯಂ ಇನ್‌ಫ್ಯಾಂಟಿಸ್ ಇದ್ದ ಉತ್ಪನ್ನವನ್ನು ಪಡೆದ ನಂತರ ಅದೇ ಬ್ಯಾಕ್ಟೀರಿಯಾದ ರಕ್ತದ ಸೋಂಕಿನಿಂದ ತೀರಿಕೊಂಡದ್ದನ್ನು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2023ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಉತ್ಪನ್ನದಲ್ಲಿದ್ದುದೇ ಎಂಬುದು ವಂಶವಾಹಿ ಪರೀಕ್ಷೆಯಿಂದ ಹೊಂದಿಕೆಯಾಗಿತ್ತು. ಅದರ ಬೆನ್ನಲ್ಲೇ ಅಲ್ಲಿನ ಆಸ್ಪತ್ರೆಗಳಿಗೆ ಸರಬರಾಜಾಗುತ್ತಿದ್ದ ಉತ್ಪನ್ನಗಳು ಹಿಂದೆ ಸರಿದವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿಯೇ, ವಿಶೇಷವಾಗಿ 1000 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆ, ಎಲ್ಲರಿಗೂ ರೂಢಿಯಾಗಿ ಕೊಡುವುದನ್ನು ಬೆಂಬಲಿಸುವುದಿಲ್ಲ ಎಂದಿತ್ತು. ಒಂದೇ ಪುರಾವೆಯನ್ನು ಓದಿ ಯುರೋಪಿನವರು ಷರತ್ತಿನ ಮೇಲೆ ಹೌದು ಎಂದರು, ಅಮೆರಿಕದವರು ಸದ್ಯಕ್ಕೆ ಬೇಡ ಎಂದರು.

ಎರಡನೆಯ ಅಪಾಯ ಉತ್ಪನ್ನದಲ್ಲಿ ಇರಬಾರದ್ದು ಸೇರಿಕೊಂಡಿರುವುದು. 2014ರಲ್ಲಿ ಅಮೆರಿಕದಲ್ಲಿ ಆಹಾರ ಪೂರಕವಾಗಿ ಮಾರಾಟವಾಗುತ್ತಿದ್ದ ಪ್ರೋಬಯಾಟಿಕ್ ಪುಡಿಯಲ್ಲಿ ರೈಜೋಪಸ್ ಎಂಬ ಬೂಷ್ಟು ಸೇರಿ, ಅದನ್ನು ಪಡೆದ ಅವಧಿಪೂರ್ವ ಮಗುವೊಂದು ಕರುಳಿನ ಮ್ಯೂಕರ್‌ಮೈಕೋಸಿಸ್‌ನಿಂದ ಸತ್ತಿತು. ಕೋವಿಡ್ ಕಾಲದಲ್ಲಿ ನಾವು ಕಪ್ಪು ಶಿಲೀಂಧ್ರ ಎಂದು ಕೇಳಿದ ಅದೇ ರೋಗ. ಭಾರತದಲ್ಲೂ ಪ್ರೋಬಯಾಟಿಕ್‌ಗಳಲ್ಲಿ ಹಲವು ಔಷಧ ನಿಯಂತ್ರಣದಡಿ ಬಾರದೆ ಆಹಾರ ಪೂರಕಗಳಾಗಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪರವಾನಗಿಯಲ್ಲಿ ಮಾರಾಟವಾಗುತ್ತವೆ. ದೊಡ್ಡವರಿಗೆ ಸಾಕಾಗುವ ಶುದ್ಧತೆ 800 ಗ್ರಾಂ ಮಗುವಿಗೆ ಸಾಕಾಗುವುದಿಲ್ಲ.

ಆ್ಯಂಟಿಬಯಾಟಿಕ್ ನಿರೋಧಕತೆ ಮೂರನೆಯದು. ರ‍್ಯೂಟೆರಿಯ ಹಿಂದಿನ ತಳಿಯಾದ ಎಟಿಸಿಸಿ 55730 ಇನ್ನೊಂದು ಬ್ಯಾಕ್ಟೀರಿಯಾಕ್ಕೆ ದಾಟಬಲ್ಲ ನಿರೋಧಕ ವಂಶವಾಹಿಗಳನ್ನು ಹೊತ್ತಿತ್ತು. ಅವುಗಳನ್ನು ತೆಗೆದ ರೂಪವೇ ಈಗಿನ ಡಿಎಸ್ಎಂ 17938. ದೆಹಲಿಯ ಮೂರು ಆಸ್ಪತ್ರೆಗಳ ಡೆನಿಸ್ ಅಧ್ಯಯನದಲ್ಲಿ, 2016ರ ವರದಿಯಂತೆ, ನವಜಾತ ಶಿಶುಗಳ ರಕ್ತದ ಸೋಂಕಿಗೆ ಅಸಿನೆಟೋಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾ ಪ್ರಮುಖ ಕಾರಣಗಳಾಗಿದ್ದು, ಬಹುಪಾಲು ಹಲವು ಔಷಧಗಳಿಗೆ ಬಗ್ಗದವಾಗಿದ್ದವು. ಇಂತಹ ವಾರ್ಡುಗಳಿಗೆ ಹೊಸ ನಿರೋಧಕ ವಂಶವಾಹಿಯನ್ನು ನಾವೇ ತಂದು ಸೇರಿಸಬಾರದು.

ತೂಕ ಮತ್ತು ವಾರ ನೋಡಿದಾಗ

1000 ಗ್ರಾಂಗಿಂತ ಕಡಿಮೆ ತೂಕದ ಮಗುವಿನ ವಿಷಯದಲ್ಲಿ ನಾನು ಹಿಂಜರಿಯುವ ಕಡೆಗೇ ನಿಲ್ಲುತ್ತೇನೆ. ಎನ್‌ಇಸಿ ಅಪಾಯ ಅತಿ ಹೆಚ್ಚಿರುವುದು ಈ ಗುಂಪಿನಲ್ಲೇ, ಆದರೆ ಕಾಕ್ರೇನ್ ವಿಶ್ಲೇಷಣೆಯಲ್ಲಿ ಹೇಳಿಕೊಳ್ಳುವಂತಹ ಲಾಭ ಕಾಣದಿದ್ದುದೂ ಇದರಲ್ಲೇ, ಅಪಾಯಗಳು ದಾಖಲಾದದ್ದೂ ಇದರಲ್ಲೇ. ಇಲ್ಲಿ ತಾಯಿಯ ಹಾಲು ಮತ್ತು ಆ್ಯಂಟಿಬಯಾಟಿಕ್ ಸಂಯಮಕ್ಕೆ ಮೊದಲ ಆದ್ಯತೆ. ಆಸ್ಪತ್ರೆ ಗುಣಮಟ್ಟ ಪರೀಕ್ಷಿಸಿದ ಉತ್ಪನ್ನವನ್ನೇ ಬಳಸುತ್ತಿದ್ದು, ಅಲ್ಲಿ ಎನ್‌ಇಸಿ ಪ್ರಮಾಣವೂ ಹೆಚ್ಚಿದ್ದರೆ, ತಂದೆತಾಯಿಯ ಒಪ್ಪಿಗೆಯೊಂದಿಗೆ ಕೊಡಲು ಯೋಚಿಸಬಹುದು.

1000ದಿಂದ 1500 ಗ್ರಾಂ ತೂಕದ, 32 ವಾರಗಳೊಳಗೆ ಹುಟ್ಟಿದ, ಎದೆಹಾಲು ಪಡೆಯುತ್ತಿರುವ ಮಗುವಿಗೆ ಲಾಭದ ತಕ್ಕಡಿ ಹೆಚ್ಚು ವಾಲುತ್ತದೆ. ಮೂರು ತಳಿಗಳ ಮಿಶ್ರಣ ಸಿಕ್ಕರೆ ಅದು, ಇಲ್ಲವಾದರೆ ಜಿಜಿ ತಳಿ. ಮಗು ಹಾಲನ್ನು ತಡೆದುಕೊಳ್ಳಲು ಶುರುಮಾಡಿದ ಮೊದಲ ವಾರದಲ್ಲೇ ಆರಂಭಿಸಿ, ಗರ್ಭಧಾರಣೆಯ ಲೆಕ್ಕದಲ್ಲಿ ಸುಮಾರು 34ರಿಂದ 36 ವಾರಗಳಾಗುವವರೆಗೆ ಕೊಡುವುದು ಸಾಮಾನ್ಯ ರೂಢಿ. ಹೊಟ್ಟೆ ಉಬ್ಬಿ ಹಾಲು ನಿಲ್ಲಿಸಿದ ದಿನ ಇದನ್ನೂ ನಿಲ್ಲಿಸಬೇಕು.

34 ವಾರ ದಾಟಿ, 2 ಕಿಲೋ ಆಸುಪಾಸಿನಲ್ಲಿ ಹುಟ್ಟಿ ಮೊಲೆ ಹಿಡಿಯುತ್ತಿರುವ ಮಗುವಿಗೆ ಎನ್‌ಇಸಿ ಅಪಾಯ ತೀರ ಕಡಿಮೆ. ಒಡಿಶಾದ ಫಲಿತಾಂಶ ಆಕರ್ಷಕವಾಗಿದ್ದರೂ ಅದೇ ತಳಿ, ಅದೇ ಪ್ರಮಾಣ ಕೈಗೆ ಸಿಗದ ಹೊರತು ಬೇರೆ ಯಾವುದನ್ನೋ ಅದರ ಹೆಸರಿನಲ್ಲಿ ಕೊಡುವುದರಲ್ಲಿ ಅರ್ಥವಿಲ್ಲ.

ಚೀಟಿ, ಫ್ರಿಜ್, ಕೈಗವಸು

ಪೊಟ್ಟಣದ ಮೇಲೆ ಕುಲ ಮತ್ತು ಪ್ರಭೇದದ ಹೆಸರಷ್ಟೇ ಇದ್ದು ತಳಿಯ ಸಂಕೇತ (ಬಿಬಿ-12, ಎಟಿಸಿಸಿ 53103ರಂಥದ್ದು) ಇಲ್ಲದಿದ್ದರೆ ಆ ಉತ್ಪನ್ನವನ್ನು ಬದಿಗಿಡಬಹುದು. "ಲ್ಯಾಕ್ಟೋಬ್ಯಾಸಿಲಸ್ 125 ಕೋಟಿ" ಎಂಬ ಸಾಲಿನಿಂದ ಅದು ಯಾವ ಅಧ್ಯಯನದ ಬ್ಯಾಕ್ಟೀರಿಯಾ ಎಂಬುದು ತಿಳಿಯುವುದಿಲ್ಲ. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು ಒಡೆದು 23 ಹೊಸ ಕುಲಗಳನ್ನು ಮಾಡಿದ್ದರಿಂದ ರ‍್ಯಾಮ್ನೋಸಸ್‌ನ ಹಿಂದೆ ಲ್ಯಾಕ್ಟಿಕೇಸಿಬ್ಯಾಸಿಲಸ್ ಎಂದೂ, ರ‍್ಯೂಟೆರಿಯ ಹಿಂದೆ ಲಿಮೋಸಿಲ್ಯಾಕ್ಟೋಬ್ಯಾಸಿಲಸ್ ಎಂದೂ ಮುದ್ರಿತವಾಗಿರಬಹುದು. ಸಂಕೇತ ಒಂದೇ ಆಗಿದ್ದರೆ ತಳಿಯೂ ಒಂದೇ. ಜೀವಂತ ಘಟಕಗಳ ಸಂಖ್ಯೆ ತಯಾರಾದ ದಿನದ್ದೋ, ಅವಧಿ ಮುಗಿಯುವ ದಿನದ್ದೋ ಎಂಬುದನ್ನೂ ನೋಡಬೇಕು. ಎರಡನೆಯದಾದರೆ ಮಾತ್ರ ಆ ಸಂಖ್ಯೆಯನ್ನು ನೆಚ್ಚಬಹುದು.

2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಪೊಟ್ಟಣ ಏಪ್ರಿಲ್ ತಿಂಗಳಲ್ಲಿ ರಾಯಚೂರಿಗೆ ಕೊರಿಯರ್ ಮೂಲಕ ಬಂದಿದ್ದರೆ ಅದರೊಳಗೆ ಎಷ್ಟು ಜೀವ ಉಳಿದಿದೆ ಎಂಬುದನ್ನು ಹೊರಗಿನಿಂದ ನೋಡಿ ಹೇಳಲಾಗದು. ತಂಪು ಸರಪಳಿ ಖಾತರಿಯಿಲ್ಲದ ಕಡೆ ಆಯ್ಕೆಯ ಕ್ರಮವೇ ಬದಲಾಗುತ್ತದೆ, ಕಾಗದದ ಮೇಲೆ ಉತ್ತಮವಾದ ಮಿಶ್ರಣ ಅಲ್ಲಿ ಕೆಲಸಕ್ಕೆ ಬಾರದೆ ಹೋಗಬಹುದು.

ತಯಾರಿಸುವ ಬಗೆ ಬಹಳ ಮುಖ್ಯ. ಸ್ಯಾಶೆಯನ್ನು ಕತ್ತರಿಸಿದಾಗ ಬರಿಗಣ್ಣಿಗೆ ಕಾಣದಷ್ಟು ನಯವಾದ ಪುಡಿ ಮೇಲೇಳುತ್ತದೆ, ಕೈಗವಸಿನ ಬೆರಳತುದಿಯಲ್ಲಿ ಕೂರುತ್ತದೆ. ಅದೇ ಕೈಗವಸಿನಲ್ಲಿ ನರ್ಸ್ ಮುಂದಿನ ಕ್ಷಣ ಮಗುವಿನ ರಕ್ತನಾಳದ ನಳಿಕೆಯ ಮುಚ್ಚಳ ತಿರುಗಿಸಿದರೆ, ಹೊಟ್ಟೆಗೆ ಹೋಗಬೇಕಾದ ಬ್ಯಾಕ್ಟೀರಿಯಾ ನೇರವಾಗಿ ರಕ್ತಕ್ಕೆ ಹೋಗುತ್ತದೆ. ಹಾಗಾಗಿ ಇದನ್ನು ಮಗುವಿನ ಪಕ್ಕದಲ್ಲಿ ತಯಾರಿಸಬಾರದು. ಹಾಲು ಸಿದ್ಧಪಡಿಸುವ ಕೋಣೆಯಲ್ಲಿ ಒಂದೆರಡು ಮಿಲಿಲೀಟರ್ ಎದೆಹಾಲಿನಲ್ಲಿ ಕಲಸಿ, ಕೈಗವಸು ಬದಲಿಸಿ, ಕೈ ತೊಳೆದು, ಬಾಯಿಯ ನಳಿಕೆಗೆ ಹಾಕುವ ಸಿರಿಂಜಿನಲ್ಲಿ ತುಂಬಿ ತರಬೇಕು, ಉಳಿದದ್ದನ್ನು ಎಸೆಯಬೇಕು. ಪ್ರಯೋಗಾಲಯದವರಿಗೂ ಯಾವ ತಳಿ ಬಳಸುತ್ತಿದ್ದೇವೆಂದು ಮುಂಚೆಯೇ ತಿಳಿಸಿರಬೇಕು, ಏಕೆಂದರೆ ಬೈಫಿಡೋಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದ ಕಡೆ ಬೆಳೆಯುವಂಥದ್ದು. ಚಿಕ್ಕ ಮಕ್ಕಳಿಗೆ ಬಳಸುವ ಸಾಮಾನ್ಯ ಕಲ್ಚರ್ ಬಾಟಲಿಯಲ್ಲಿ ಅದು ಸಿಗದೇ ಹೋಗಬಹುದು.

ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಈ ವಿವರಗಳಿಂದಲೇ ಹುಟ್ಟುತ್ತವೆ: ತಳಿಯ ಸಂಕೇತವೇನು, ಎಷ್ಟು ದಿನ ಕೊಡುತ್ತೀರಿ, ಎಲ್ಲಿ ತಯಾರಿಸುತ್ತೀರಿ, ನಿಮ್ಮಲ್ಲಿ ಎನ್‌ಇಸಿ ಎಷ್ಟು ಮಕ್ಕಳಿಗೆ ಬರುತ್ತದೆ. ಎನ್‌ಇಸಿ ತೀರ ವಿರಳವಾಗಿರುವ ಎನ್‌ಐಸಿಯುವಿನಲ್ಲಿ ಪ್ರೋಬಯಾಟಿಕ್‌ನಿಂದ ಹೆಚ್ಚುವರಿಯಾಗಿ ಸಿಗುವ ಲಾಭವೂ ಅಷ್ಟೇ ಚಿಕ್ಕದು. ವೈದ್ಯರು ಬೇಡವೆಂದರೆ ಅದನ್ನು ನಿರ್ಲಕ್ಷ್ಯವೆಂದು ತಿಳಿಯಬೇಕಿಲ್ಲ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆದ ಮೇಲೆ ಪ್ರೋಬಯಾಟಿಕ್ ಮುಂದುವರಿಸುವುದರಿಂದ ಎನ್‌ಇಸಿ ದೃಷ್ಟಿಯಿಂದ ಪ್ರಯೋಜನವಿಲ್ಲ, ಆ ಅಪಾಯದ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ. ಮೊಸರಿನ ತಿಳಿ, ಮಜ್ಜಿಗೆ ಕೊಟ್ಟರೆ ಅದೇ ಫಲ ಸಿಗುವುದಿಲ್ಲವೇ ಎಂದು ಅಜ್ಜಿಯರು ಕೇಳುತ್ತಾರೆ. ಸಿಗುವುದಿಲ್ಲ, ಮನೆಯ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ ಎಂಬುದು ದಿನದಿಂದ ದಿನಕ್ಕೆ ಬದಲಾಗುತ್ತದೆ, ಜೊತೆಗೆ ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಹೋಗಬಾರದ ಹೊಟ್ಟೆ ಅದು. ಬೀದಿಯಲ್ಲಿ ಮಾರಿಕೊಂಡು ಬರುವ ಕತ್ತೆ ಹಾಲು, ತೇಯ್ದ ಬಜೆ, ಜೇನುತುಪ್ಪ, ಗ್ರೈಪ್ ವಾಟರ್ ಇವೆಲ್ಲಕ್ಕೂ ಇದೇ ಉತ್ತರ. ಜೇನುತುಪ್ಪದಲ್ಲಿ ಬಾಟ್ಯುಲಿಸಂ ಎಂಬ, ಸ್ನಾಯುಗಳು ಸೋತುಹೋಗುವ ಕಾಯಿಲೆ ಉಂಟುಮಾಡುವ ಬೀಜಕಗಳೇ ಇರಬಹುದಾದ್ದರಿಂದ ಅದನ್ನು ಒಂದು ವರ್ಷದವರೆಗೆ ನಾಲಿಗೆಗೆ ಸವರಲೂ ಬಾರದು.

ತಾಯಿಯ ಎದೆಹಾಲು ಮುಂದುವರಿದರೆ, ಕಾರಣವಿಲ್ಲದ ಆ್ಯಂಟಿಬಯಾಟಿಕ್ ಸಿರಪ್ಪುಗಳು ಮನೆಯೊಳಗೆ ಬಾರದಿದ್ದರೆ, ಅವಧಿಪೂರ್ವ ಮಗುವಿನ ಕರುಳಿನ ಬ್ಯಾಕ್ಟೀರಿಯಾಗಳು ತಿಂಗಳುಗಳು ಕಳೆದಂತೆ ತುಂಬು ಅವಧಿಯ ಮಗುವಿನವುಗಳನ್ನು ಬಹುಮಟ್ಟಿಗೆ ಹೋಲತೊಡಗುತ್ತವೆ. ಈ ಅವಧಿಯಲ್ಲಿ ಹೊಟ್ಟೆ ಬಿಗಿಯಾಗಿ ಉಬ್ಬುವುದು, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ಬಿಟ್ಟು ಮಂಕಾಗುವುದು ಕಂಡರೆ ಯಾವ ಹನಿಯನ್ನೂ ಹಾಕದೆ, ಡಿಸ್ಚಾರ್ಜ್ ಸಮ್ಮರಿಯನ್ನು ಜೊತೆಗೆ ಹಿಡಿದು, ಮಕ್ಕಳ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಅದೇ ಗಂಟೆಯಲ್ಲಿ ಹೊರಡಬೇಕು.